ಹಳೆಯ ಎಂಜಿನ್ನಿನ ಉಸಿರು, ಹಳ್ಳದ ನೀರು

ಘಟ್ಟದ ರಸ್ತೆಗಳಲ್ಲಿ ಕಾಲ್ನಡಿಗೆಯಿಂದ ಸಾಗುವವರಿಗೆ ಒಂದು ನೋಟ ಚಿರಪರಿಚಿತ. ಏರುದಾರಿಯ ತಿರುವುಗಳಲ್ಲಿ, ವಾಹನದ ಎಡ ಬಲ ಚಕ್ರಗಳು ಹಾಯುವ ಜಾಡುಗಳ ನಡುವೆ, ಡಾಂಬರಿನ ಮೇಲೆ ಅಂಗೈ ಅಗಲದ ಕಪ್ಪು ಪಟ್ಟಿಯೊಂದು ಹಬ್ಬಿರುತ್ತದೆ. ಮುಂಗಾರಿನ ಮೊದಲ ಮಳೆಗೆ ಆ ಪಟ್ಟಿ ಬಣ್ಣಬಣ್ಣದ ಪೊರೆಯಾಗಿ ಎದ್ದು, ಚರಂಡಿಗೆ ಇಳಿದು, ಚರಂಡಿಯಿಂದ ಹಳ್ಳ ಸೇರುತ್ತದೆ. ಹಳ್ಳದ ನೀರು ತೋಟಕ್ಕೂ ಹೋಗುತ್ತದೆ, ದನಕರುಗಳ ಬಾಯಿಗೂ ಹೋಗುತ್ತದೆ. ಇದೇನೆಂದು ಕೇಳಿದರೆ ‘ಗಾಡಿ ಹಳೆಯದು, ಆಯಿಲ್ ಸೋರುತ್ತದೆ’ ಎಂಬ ಉತ್ತರ ದೊರೆಯುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಎಲ್ಲಿಂದ ಸೋರುತ್ತದೆ, ಏಕೆ ಸೋರುತ್ತದೆ, ತಡೆಯಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆಗಳನ್ನು ಕೇಳುವವರೇ ಇಲ್ಲವಾಗಿದೆ.

ವಾಹನ ಮಾಲಿನ್ಯವೆಂದೊಡನೆ ನಮ್ಮೆಲ್ಲರ ದೃಷ್ಟಿ ಸೈಲೆನ್ಸರಿನ ತುದಿಯತ್ತ ಹೊರಳುತ್ತದೆ. ಕಾನೂನಿನ ದೃಷ್ಟಿಯೂ ಅಲ್ಲಿಯೇ ನಿಂತಿದೆ. ಆದರೆ ಹಳೆಯ ಎಂಜಿನ್ನಿಗೆ ಇನ್ನೊಂದು ಬಾಯಿಯೂ ಇದೆ. ಅದು ಗಾಡಿಯ ಹೊಟ್ಟೆಯಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇಳಿಬಿದ್ದಿರುವ ಬೆರಳುಗಾತ್ರದ ಕೊಳವೆ. ಮೆಕ್ಯಾನಿಕರು ಅದನ್ನು ಬ್ರೀದರ್ ಪೈಪ್ ಎನ್ನುತ್ತಾರೆ. ಎಂಜಿನ್ ಉಸಿರು ಬಿಡುವುದು ಅದರ ಮೂಲಕ. ಆ ಉಸಿರನ್ನು ಯಾವ ತಪಾಸಣಾ ಕೇಂದ್ರವೂ ಅಳೆಯುವುದಿಲ್ಲ. ಅಳೆಯದ ಈ ಉಸಿರಿನಲ್ಲಿ ನಮ್ಮ ಗಾಳಿಯ ಹಿತವೂ, ನೀರಿನ ಹಿತವೂ, ಜೀಪನ್ನೇ ನಂಬಿ ಬದುಕುವ ಕುಟುಂಬದ ಹಿತವೂ ಅಡಗಿವೆ ಎಂಬುದನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಎಂಜಿನ್ನಿನ ಹೊಟ್ಟೆಯಲ್ಲಿ ನಡೆಯುವುದೇನು?

ಸಿಲಿಂಡರಿನೊಳಗೆ ಇಂಧನ ಉರಿದಾಗ ಹುಟ್ಟುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚುವುದು ಪಿಸ್ಟನ್ನಿಗೆ ತೊಡಿಸಿದ ಲೋಹದ ರಿಂಗುಗಳು. ಎಂಜಿನ್ ಎಷ್ಟೇ ಹೊಸದಿರಲಿ, ಈ ಮುಚ್ಚಿಗೆ ಪರಿಪೂರ್ಣವಲ್ಲ. ಪ್ರತಿ ಹೊಡೆತದಲ್ಲಿಯೂ ಸ್ವಲ್ಪ ಅನಿಲವು ರಿಂಗುಗಳನ್ನು ದಾಟಿ ಕೆಳಗೆ ನುಸುಳುತ್ತದೆ. ಅದು ಸೇರುವ ಜಾಗ ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಪೆಟ್ಟಿಗೆ. ಆ ಪೆಟ್ಟಿಗೆಯ ತಳದಲ್ಲಿಯೇ ಎಂಜಿನ್ ಆಯಿಲ್ ತುಂಬಿರುವ ಚೇಂಬರ್ ಇರುವುದು. ಎಂಜಿನ್ ಸವೆದಂತೆ ನುಸುಳುವ ಅನಿಲದ ಪ್ರಮಾಣವೂ ಹೆಚ್ಚುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಹೀಗೆ ನುಸುಳುವುದರಲ್ಲಿ ಬಹುಪಾಲು ಉರಿಯದೇ ಉಳಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ. ಅದರೊಡನೆ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ನಿನ ಆಕ್ಸೈಡುಗಳು ಮತ್ತು ನೀರಾವಿ ಬೆರೆತಿರುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಮಸಿಯೂ ಜೊತೆಗೂಡುತ್ತದೆ. ನೀರು ಎಲ್ಲಿಂದ ಬಂತೆಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಇಂಧನದಲ್ಲಿರುವ ಹೈಡ್ರೋಜನ್ ಉರಿದರೆ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಭಾಗ ಸೈಲೆನ್ಸರಿನಿಂದ ಹೊರಹೋದರೂ ಒಂದಂಶ ಕೆಳಗಿಳಿದು ಆಯಿಲನ್ನು ಸೇರುತ್ತದೆ.

ಈ ಅನಿಲಕ್ಕೆ ಹೊರದಾರಿ ಇಲ್ಲವಾದರೆ ಎರಡು ಅನಾಹುತಗಳು ಕಾದಿರುತ್ತವೆ. ಮೊದಲನೆಯದಾಗಿ, ನೀರು, ಆಮ್ಲ, ಮಸಿಗಳು ಆಯಿಲಿನೊಡನೆ ಬೆರೆತು ಕಪ್ಪು ಗಸಿಯಾಗಿ ಗಟ್ಟಿಯಾಗುತ್ತವೆ. ಅದು ಆಯಿಲ್ ಹರಿಯುವ ಸಣ್ಣ ದಾರಿಗಳನ್ನು ಕಟ್ಟಿಹಾಕುತ್ತದೆ. ಎರಡನೆಯದಾಗಿ, ಒಳಗೆ ಒತ್ತಡವೇರಿ ಆಯಿಲನ್ನು ಸೀಲು, ಗ್ಯಾಸ್ಕೆಟ್‌ಗಳ ಸಂದಿನಿಂದ ಹೊರಕ್ಕೆ ನೂಕುತ್ತದೆ. ಆದ್ದರಿಂದ ಎಂಜಿನ್ನಿಗೆ ಉಸಿರಾಟದ ದಾರಿ ಅನಿವಾರ್ಯ.

ಹಿಂದಿನ ಕಾಲದ ವ್ಯವಸ್ಥೆ ಬಲು ಸರಳವಾಗಿತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆಯನ್ನು ನೆಲದತ್ತ ಇಳಿಬಿಟ್ಟು ಅದರ ತುದಿಯನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಆ ತುದಿಯಲ್ಲಿ ಸೆಳೆತವನ್ನುಂಟುಮಾಡಿ ಒಳಗಿನ ಅನಿಲವನ್ನು ಹೊರಕ್ಕೆ ಎಳೆಯುತ್ತಿತ್ತು. ಆಯಿಲ್ ಸುರಿಯುವ ಮುಚ್ಚಳದ ಜಾಲರಿಯಿಂದ ಹೊಸ ಗಾಳಿ ಒಳಸೇರುತ್ತಿತ್ತು. ಅನಿಲದೊಡನೆ ಆಯಿಲಿನ ತುಂತುರೂ ಹೊರಬಂದು ರಸ್ತೆಯ ಮೇಲೆ ಬೀಳುತ್ತಿತ್ತು. 1950ರ ದಶಕದ ಅಮೆರಿಕದ ಹೆದ್ದಾರಿಗಳ ನಡುವೆಯೂ ಇಂತಹುದೇ ಕಪ್ಪು ಪಟ್ಟಿ ಹಬ್ಬಿರುತ್ತಿತ್ತು.

ಬಯಲುಸೀಮೆಯ ನೇರ ರಸ್ತೆಯಲ್ಲಿ ವೇಗವಾಗಿ ಓಡುವ ಗಾಡಿಗೆ ಈ ಏರ್ಪಾಡು ಹೇಗೋ ಸಾಕಾಗುತ್ತಿತ್ತು. ಘಟ್ಟದ ಸ್ಥಿತಿ ಇದಕ್ಕೆ ತದ್ವಿರುದ್ಧ. ತುಂಬಿದ ಜೀಪು ಮೊದಲ ಅಥವಾ ಎರಡನೆಯ ಗೇರಿನಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರುವಾಗ ಸಿಲಿಂಡರಿನ ಒತ್ತಡ ಅತ್ಯಧಿಕ, ನುಸುಳುವ ಅನಿಲವೂ ಅತ್ಯಧಿಕ. ವೇಗ ಮಾತ್ರ ಅತ್ಯಲ್ಪ, ಆದ್ದರಿಂದ ಕೊಳವೆಯ ತುದಿಯ ಸೆಳೆತ ಇಲ್ಲವೇ ಇಲ್ಲ ಎನ್ನುವಷ್ಟು. ಉಸಿರು ಹೆಚ್ಚು ಬೇಕಾದಾಗಲೇ ಉಸಿರು ಕಟ್ಟುವ ವ್ಯವಸ್ಥೆ ಇದು.

ಲಾಸ್ ಏಂಜಲೀಸ್ ಕಲಿಸಿದ ಪಾಠ

ಈ ಕೊಳವೆಯ ಹೊಗೆ ಜಗತ್ತಿನ ಗಮನಕ್ಕೆ ಬಂದ ಬಗೆ ಸ್ವಾರಸ್ಯಕರ. ಲಾಸ್ ಏಂಜಲೀಸ್ ನಗರವನ್ನು 1940ರ ದಶಕದಿಂದ ಕಣ್ಣುರಿಸುವ ಕಂದು ಮಬ್ಬು ಕವಿಯತೊಡಗಿತ್ತು. ಕಾರ್ಖಾನೆಗಳೇ ಕಾರಣವೆಂದು ಮೊದಲು ನಂಬಲಾಗಿತ್ತು. ಅನಾನಸ್ ಹಣ್ಣಿನ ಪರಿಮಳವನ್ನು ಶೋಧಿಸುತ್ತಿದ್ದ ಆರಿ ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ನಿಜವನ್ನು ಹೊರಗೆಡಹಿದರು. ಉರಿಯದ ಇಂಧನದ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಓಜೋನ್ ಮೊದಲಾದ ವಿಷಗಳನ್ನು ಹುಟ್ಟಿಸುತ್ತವೆಂದೂ, ಅವುಗಳ ಮುಖ್ಯ ಮೂಲಗಳಲ್ಲಿ ಕಾರುಗಳೂ ಸೇರಿವೆಯೆಂದೂ ಅವರು ತೋರಿಸಿಕೊಟ್ಟರು.

ಕಾರಿನ ಯಾವ ಭಾಗದಿಂದ ಎಷ್ಟು ಎಂದು ಅಳೆದಾಗ ಅಚ್ಚರಿ ಕಾದಿತ್ತು. ಯಾವ ನಿಯಂತ್ರಣವೂ ಇಲ್ಲದ ಕಾರು ಹೊರಬಿಡುವ ಹೈಡ್ರೋಕಾರ್ಬನ್ನುಗಳಲ್ಲಿ ಸುಮಾರು ಐದನೆಯ ಒಂದು ಭಾಗ ಸೈಲೆನ್ಸರಿನಿಂದ ಬಾರದೆ, ಕ್ರ್ಯಾಂಕ್‌ಕೇಸಿನ ಕೊಳವೆಯಿಂದ ಬರುತ್ತಿತ್ತು. ಇದಕ್ಕೆ ಪರಿಹಾರ ಆಗಲೇ ಕೈಯಲ್ಲಿತ್ತು. ಕೊಳವೆಯನ್ನು ರಸ್ತೆಗೆ ಬಿಡುವ ಬದಲು ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿಗೆ ಜೋಡಿಸಿ, ನಡುವೆ ಒಂದು ಸಣ್ಣ ವಾಲ್ವ್ ಇಟ್ಟರೆ ಸಾಕು, ಅನಿಲ ಮತ್ತೆ ಸಿಲಿಂಡರಿಗೇ ಹೋಗಿ ಉರಿದುಹೋಗುತ್ತದೆ. ಪಿ.ಸಿ.ವಿ. ವಾಲ್ವ್ ಎಂದು ಹೆಸರಾದುದು ಇದೇ. ಇದರೊಳಗೆ ಸ್ಪ್ರಿಂಗಿಗೆ ಆತುಕೊಂಡ ಒಂದು ಗುಂಡಿ ಇದೆ. ಎಂಜಿನ್ ನಿಂತಲ್ಲೇ ತಿರುಗುವಾಗ ಅದು ದಾರಿಯನ್ನು ಕಿರಿದಾಗಿಸುತ್ತದೆ, ಭಾರ ಎಳೆಯುವಾಗ ಅಗಲವಾಗಿಸುತ್ತದೆ. ಬೆಂಕಿ ಹಿಮ್ಮುಖವಾಗಿ ಹಾರಿದರೆ ಬಾಗಿಲು ಮುಚ್ಚುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಮಾರಾಟವಾದ 1961ರ ಮಾದರಿಯ ಹೊಸ ಕಾರುಗಳಿಗೂ, 1963ರ ಮಾದರಿಯಿಂದ ಅಮೆರಿಕದ ಉಳಿದೆಡೆಯ ಕಾರುಗಳಿಗೂ ಈ ಏರ್ಪಾಡು ಬಂದಿತು. ಕಾರುಗಳ ಮಾಲಿನ್ಯ ನಿಯಂತ್ರಣಕ್ಕೆಂದು ವ್ಯಾಪಕವಾಗಿ ಅಳವಡಿಸಿದ ಮೊತ್ತಮೊದಲ ಸಾಧನ ಇದು. ಸೈಲೆನ್ಸರಿನ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಅಲ್ಲಿ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಲ್ಲಿ. ಇಷ್ಟು ಅಗ್ಗದ ಸಾಧನವೂ ಸುಲಭವಾಗಿ ಬರಲಿಲ್ಲ. ಮಾಲಿನ್ಯ ತಡೆಯುವ ಸಾಧನಗಳನ್ನು ಒಳಒಪ್ಪಂದದಿಂದ ವಿಳಂಬಗೊಳಿಸಿದರೆಂದು ಅಮೆರಿಕದ ನ್ಯಾಯಾಂಗ ಇಲಾಖೆಯು ಅಲ್ಲಿನ ಬೃಹತ್ ಕಾರು ತಯಾರಕರ ಮೇಲೆ 1969ರ ಜನವರಿಯಲ್ಲಿ ದಾವೆ ಹೂಡಿತು. ಕ್ರ್ಯಾಂಕ್‌ಕೇಸಿನ ಈ ಸಾಧನವೂ ಆ ಆರೋಪದಲ್ಲಿ ಸೇರಿತ್ತು. ದಾವೆ ಅದೇ ವರ್ಷ ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಪಾಠವೂ ಅಲ್ಲಿಂದ ದೊರೆಯುತ್ತದೆ. ಬಳಕೆಯಲ್ಲಿದ್ದ ಹಳೆಯ ಕಾರುಗಳಿಗೂ ಈ ಸಾಧನವನ್ನು ಕಡ್ಡಾಯಗೊಳಿಸಲು ಕ್ಯಾಲಿಫೋರ್ನಿಯ 1960ರ ದಶಕದ ಮೊದಲರ್ಧದಲ್ಲಿ ಮುಂದಾದಾಗ ಮಾಲೀಕರು ತೀವ್ರವಾಗಿ ಪ್ರತಿಭಟಿಸಿದರು, ಸರ್ಕಾರ ಹಿಂಜರಿಯಬೇಕಾಯಿತು. ಖರ್ಚು ಯಾರದು, ಆರೈಕೆ ಯಾರದು, ಕೆಟ್ಟರೆ ರಿಪೇರಿ ಮಾಡಬಲ್ಲವರು ಯಾರು ಎಂಬುದಕ್ಕೆ ಉತ್ತರವಿಲ್ಲದೆ ಹೇರಿದ ಒಳ್ಳೆಯ ನಿಯಮವೂ ನಿಲ್ಲಲಾರದು.

ಪ್ರಮಾಣಪತ್ರ ನೋಡದ ಕೊಳವೆ

ಈಗ ನಮ್ಮ ದೇಶದತ್ತ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಡಿ ಪ್ರತಿ ವಾಹನವೂ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಹೊಂದಿರಬೇಕು. ಹಳೆಯ ಪೆಟ್ರೋಲ್ ಕಾರಿನ ಸೈಲೆನ್ಸರಿನೊಳಗೆ ನಳಿಕೆ ತೂರಿಸಿ, ನಿಂತಲ್ಲೇ ತಿರುಗುವಾಗ ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ಅಳೆಯುತ್ತಾರೆ. ಡೀಸೆಲ್ ಗಾಡಿಯಲ್ಲಿ ಆಕ್ಸಲರೇಟರ್ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಎರಡೂ ಅಗತ್ಯವೇ. ಆದರೆ ಬ್ರೀದರ್ ಕೊಳವೆ ಎಲ್ಲಿಗೆ ತೆರೆದಿದೆ, ವಾಲ್ವ್ ಕೆಲಸ ಮಾಡುತ್ತಿದೆಯೇ, ರಬ್ಬರ್ ಪೈಪ್ ಬಿರಿದಿದೆಯೇ ಎಂದು ಬಾನೆಟ್ ಎತ್ತಿ ನೋಡುವ ಪದ್ಧತಿ ಇಲ್ಲ. ಚೇಂಬರಿನಿಂದ ಹೊಗೆ ಬುಸುಗುಡುತ್ತಿದ್ದರೂ ಆ ಗಾಡಿಗೆ ನಿರಾತಂಕವಾಗಿ ಪ್ರಮಾಣಪತ್ರ ದೊರೆಯಬಹುದು.

ಈ ಅಲಕ್ಷ್ಯ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿಯೂ ಟರ್ಬೊ ಅಳವಡಿಸಿದ ಭಾರೀ ಡೀಸೆಲ್ ಎಂಜಿನ್ನುಗಳಿಗೆ 2007ರ ಮಾದರಿಯವರೆಗೆ ಈ ವಿಷಯದಲ್ಲಿ ವಿನಾಯಿತಿ ಇತ್ತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದು ಹೊಸ ವಾಹನಗಳ ಸ್ಥಿತಿ ಬಹಳಷ್ಟು ಸುಧಾರಿಸಿದೆ. ಆದರೆ ಬೆಟ್ಟದ ಊರುಗಳಲ್ಲಿ ಓಡುವ ಗಾಡಿಗಳಲ್ಲಿ ಹೊಸವು ಎಷ್ಟು? ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಮಾರುತಿ 800ರ ತಯಾರಿಕೆಯೂ ಅದೇ ವರ್ಷ ನಿಂತಿತು. ಅವು ಕಾರ್ಖಾನೆಯಿಂದ ಹೊರಡುವುದು ನಿಂತರೂ ನಮ್ಮ ಅಂಗಳಗಳಿಂದ ಮರೆಯಾಗಿಲ್ಲ. ಹಳೆಯ ಡೀಸೆಲ್ ಜೀಪುಗಳಂತೂ ಬಸ್ಸು ಬಾರದ ಊರುಗಳ ಬಂಡಿಯಾಗಿ, ಆಂಬುಲೆನ್ಸಾಗಿ, ಅಡಿಕೆ ಮೂಟೆಯ ವಾಹನವಾಗಿ ಇಂದಿಗೂ ದುಡಿಯುತ್ತಿವೆ.

ಆಯಿಲ್ ಎಲ್ಲಿಗೆ ಹೋಗುತ್ತದೆ?

ಎಂಜಿನ್ ಆಯಿಲ್ ಕುಡಿಯತೊಡಗಿದರೆ ‘ರಿಂಗು ಹೋಗಿದೆ, ಬೋರ್ ಮಾಡಿಸಬೇಕು’ ಎಂಬ ತೀರ್ಪು ಬೇಗ ಬರುತ್ತದೆ. ಅದು ದೊಡ್ಡ ಖರ್ಚಿನ ಕೆಲಸವಾದುದರಿಂದ ಮಾಲೀಕರು ಅದನ್ನು ಮುಂದೂಡಿ, ತಿಂಗಳಿಗೊಮ್ಮೆ ಆಯಿಲ್ ಸುರಿಯುತ್ತ ಕಾಲ ತಳ್ಳುತ್ತಾರೆ. ಆದರೆ ಆಯಿಲ್ ಕಡಿಮೆಯಾಗಲು ಮೂರು ದಾರಿಗಳಿವೆ. ಸೀಲು, ಗ್ಯಾಸ್ಕೆಟ್‌ಗಳಿಂದ ಹೊರಕ್ಕೆ ಸೋರುವುದು ಒಂದು. ರಿಂಗು ಅಥವಾ ವಾಲ್ವ್ ಗೈಡುಗಳ ಮೂಲಕ ಸಿಲಿಂಡರ್ ಸೇರಿ ಉರಿಯುವುದು ಎರಡು. ಬ್ರೀದರ್ ಮೂಲಕ ತುಂತುರಾಗಿ ಹೋಗುವುದು ಮೂರು. ಮೂರನೆಯ ದಾರಿ ಕೆಟ್ಟರೆ ಮೊದಲೆರಡೂ ಹದಗೆಡುತ್ತವೆ ಎಂಬುದೇ ಇಲ್ಲಿಯ ಮುಖ್ಯಾಂಶ. ಉಸಿರಿನ ಕೊಳವೆ ಗಸಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡವೇರಿ ಗಟ್ಟಿಯಾಗಿದ್ದ ಸೀಲೂ ಸೋರತೊಡಗುತ್ತದೆ. ಹಿಂಬದಿಯ ಸೀಲು ಸೋರಿ ಕ್ಲಚ್ ಪ್ಲೇಟಿಗೆ ಆಯಿಲ್ ತಗುಲಿತೆಂದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಘಟ್ಟದ ತಿರುವಿನಲ್ಲಿ ತುಂಬಿದ ಗಾಡಿಯ ಕ್ಲಚ್ ಜಾರುವುದೆಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಹೊಗೆಯ ಬಣ್ಣವೇ ಹಲವು ಸಂಗತಿಗಳನ್ನು ಹೇಳುತ್ತದೆ. ಕಪ್ಪು ಹೊಗೆ ಇಂಧನ ಪೂರ್ತಿ ಉರಿಯದುದರ ಗುರುತು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದರೆ ರೇಡಿಯೇಟರಿನ ನೀರು ಒಳಸೇರುತ್ತಿರಬಹುದು. ನೀಲಿ ಹೊಗೆ ಯಾವಾಗ ಬರುತ್ತದೆಂಬುದನ್ನೂ ಗಮನಿಸಬೇಕು. ಏರಿನಲ್ಲಿ ಭಾರ ಎಳೆಯುವಾಗ ಎಡೆಬಿಡದೆ ಬಂದರೆ ರಿಂಗುಗಳ ಮೇಲೆ ಸಂಶಯ ಪಡಬೇಕು. ಪೆಟ್ರೋಲ್ ಕಾರು ಗೇರಿನಲ್ಲಿಯೇ ಘಟ್ಟವಿಳಿದು, ಕೆಳಗೆ ಬಂದು ಆಕ್ಸಲರೇಟರ್ ಒತ್ತಿದೊಡನೆ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟರೆ ವಾಲ್ವ್ ಗೈಡು, ಸೀಲುಗಳ ಮೇಲೆ ಸಂಶಯ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತ ಉಂಟಾಗಿ ಆಯಿಲ್ ಅಲ್ಲಿಂದ ಒಳಕ್ಕೆ ಜಿನುಗಿರುತ್ತದೆ. ಅಂತಹ ಗಾಡಿಗೆ ಬೋರ್ ಮಾಡಿಸಿದರೆ ಹಣ ಹೋದೀತೇ ಹೊರತು ಹೊಗೆ ಹೋಗದು.

ಎಷ್ಟು ಆಯಿಲ್ ಖರ್ಚಾದರೆ ಅತಿಯಾಯಿತು? ಕೆಲವು ತಯಾರಕರು 1,000 ಕಿಲೋಮೀಟರಿಗೆ 1 ಲೀಟರ್ ತನಕ ಸಹಜವೆಂದು ತಮ್ಮ ಕೈಪಿಡಿಗಳಲ್ಲಿ ಹೇಳಿಕೊಂಡಿರುವುದುಂಟು. ಈ ಔದಾರ್ಯದ ಅರ್ಥವನ್ನು ಲೆಕ್ಕ ಹಾಕಿ ನೋಡಿ. ದಿನಕ್ಕೆ 60 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡುವ ಜೀಪು 18,000 ಕಿಲೋಮೀಟರ್ ಓಡುತ್ತದೆ. ಅಂದರೆ 18 ಲೀಟರ್ ಆಯಿಲ್ ಗಾಳಿಗೋ ನೆಲಕ್ಕೋ ಸೇರುತ್ತದೆ. 300 ಕಿಲೋಮೀಟರಿಗೆ 1 ಲೀಟರ್ ಕುಡಿಯುವ ಗಾಡಿಯಾದರೆ 60 ಲೀಟರ್. ಅಂತಹ ಹತ್ತು ಗಾಡಿಗಳಿರುವ ಕಣಿವೆಯಲ್ಲಿ 600 ಲೀಟರ್, ಅಂದರೆ ಮೂರು ಡ್ರಮ್ಮು. ಮೂರು ಡ್ರಮ್ಮು ಆಯಿಲನ್ನು ಯಾರಾದರೂ ಒಂದೇ ದಿನ ಹಳ್ಳಕ್ಕೆ ಸುರಿದರೆ ಊರಿಗೆ ಊರೇ ದಂಗೆಯೇಳುವುದು. ಹನಿಹನಿಯಾಗಿ ಸುರಿದರೆ ಮಾತ್ರ ನಾವು ಸುಮ್ಮನಿರುತ್ತೇವೆ.

ಮಾಡಬೇಕಾದುದು, ಮಾಡಬಾರದುದು

ಪರಿಹಾರದ ಮೊದಲ ಹೆಜ್ಜೆಗೆ ಹಣ ಬೇಡ, ಒಂದು ನೋಟುಪುಸ್ತಕ ಸಾಕು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಳೆದ ಮೇಲೆ ಡಿಪ್‌ಸ್ಟಿಕ್ ನೋಡಬೇಕು. ಎಷ್ಟು ಆಯಿಲ್ ಹಾಕಿತು, ಆಗ ಮೀಟರ್ ಎಷ್ಟಿತ್ತು ಎಂಬುದನ್ನು ಬರೆದಿಡಬೇಕು. ಮೇಲಿನ ಗುರುತನ್ನು ಮೀರಿ ಹಾಕಲೇಬಾರದು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆಯಾಗಿಸಿ ಬ್ರೀದರಿನಿಂದ ಹೊರದೂಡುತ್ತದೆ. ‘ಇರಲಿ, ಅರ್ಧ ಲೀಟರ್ ಜಾಸ್ತಿ’ ಎಂಬ ಧಾರಾಳತನ ರಸ್ತೆಯ ಪಾಲಾಗುತ್ತದೆ.

ಎರಡನೆಯ ಹೆಜ್ಜೆ ಬ್ರೀದರ್ ಮತ್ತು ಪಿ.ಸಿ.ವಿ. ವಾಲ್ವನ್ನು ಪರೀಕ್ಷಿಸುವುದು. ಗುಂಡಿಯುಳ್ಳ ವಾಲ್ವನ್ನು ಕಳಚಿ ಕಿವಿಯ ಬಳಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಬರಬೇಕು. ಬಾರದಿದ್ದರೆ ಅದು ಗಸಿಯಲ್ಲಿ ಸಿಕ್ಕಿಕೊಂಡಿದೆ ಎಂದರ್ಥ, ತೊಳೆಯಬೇಕು ಅಥವಾ ಬದಲಿಸಬೇಕು. ಪಿ.ಸಿ.ವಿ. ಇರುವ ಪೆಟ್ರೋಲ್ ಎಂಜಿನ್ ನಿಂತಲ್ಲೇ ತಿರುಗುವಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ತೆಳುವಾದ ಕಾಗದವನ್ನು ಹಿಡಿದರೆ ಅದು ಮೆಲ್ಲನೆ ಒಳಕ್ಕೆ ಸೆಳೆಯಲ್ಪಡಬೇಕು. ಹೊರಕ್ಕೆ ತಳ್ಳಲ್ಪಟ್ಟರೆ ದಾರಿ ಕಟ್ಟಿದೆ, ಇಲ್ಲವೇ ರಿಂಗು ಸವೆದಿದೆ. ಬಿಸಿ ಆಯಿಲ್ ಸಿಡಿಯಬಹುದಾದ್ದರಿಂದ ಎಚ್ಚರವಿರಲಿ. ಮೊದಲು ಕೊಳವೆ ತೊಳೆದು ನೋಡಿ, ಅನಂತರ ಕಂಪ್ರೆಷನ್ ಅಳೆಸಿ, ಆ ಬಳಿಕವಷ್ಟೇ ಎಂಜಿನ್ ಬಿಚ್ಚುವ ಮಾತಾಡಿ.

ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಮ್ಮವರನ್ನು ಗಾಬರಿಗೊಳಿಸುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಳದಿ ಬೆಣ್ಣೆಯಂತಹ ಕೆನೆ ಕಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗ್ಯಾರೇಜಿಗೆ ಓಡುವವರುಂಟು. ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂತಹ ತೇವದ ಊರಿನಲ್ಲಿ, ಎಂಜಿನ್ ಬಿಸಿಯೇರುವ ಮುನ್ನವೇ ನಿಲ್ಲಿಸುವ ಒಂದೆರಡು ಮೈಲಿಯ ಓಡಾಟವಿದ್ದರೆ, ಒಳಗಿನ ನೀರಾವಿ ಹೊರಹೋಗದೆ ಆಯಿಲಿನೊಡನೆ ಕಡೆದು ಈ ಕೆನೆಯಾಗುತ್ತದೆ. ರೇಡಿಯೇಟರಿನ ನೀರು ಕಡಿಮೆಯಾಗುತ್ತಿಲ್ಲವೆಂದಾದರೆ ಮೊದಲು ಉಸಿರಿನ ದಾರಿಯನ್ನು ಶುಚಿಗೊಳಿಸಿ. ಅಂಗಡಿಗೆ ಹೋಗಲೂ ಗಾಡಿ ತೆಗೆಯುವ ಅಭ್ಯಾಸವನ್ನು ಬಿಟ್ಟರೆ ಎಂಜಿನ್ನಿಗೂ ಒಳಿತು, ನಮ್ಮ ಕಾಲುಗಳಿಗೂ ಒಳಿತು.

ಮಾಡಬಾರದ ಎರಡು ಕೆಲಸಗಳನ್ನು ಒತ್ತಿ ಹೇಳಬೇಕಾಗಿದೆ. ಅಂಗಳ ಹೊಲಸಾಗುತ್ತದೆಂದು ಬ್ರೀದರ್ ಕೊಳವೆಗೆ ಬಟ್ಟೆಯನ್ನೋ ಬಿರಡೆಯನ್ನೋ ತುರುಕಬಾರದು. ಒಳಗಿನ ಒತ್ತಡ ಬೇರೆ ದಾರಿ ಹುಡುಕಿ ಸೀಲುಗಳನ್ನು ಹಾಳುಮಾಡುತ್ತದೆ. ಎರಡನೆಯದು ಪ್ರಾಣಾಪಾಯದ ಸಂಗತಿ. ಸವೆದ ಡೀಸೆಲ್ ಎಂಜಿನ್ನಿನ ಬ್ರೀದರನ್ನು ನೇರವಾಗಿ ಏರ್ ಫಿಲ್ಟರಿನ ಪೈಪಿಗೆ ಜೋಡಿಸಬಾರದು. ಆಯಿಲನ್ನು ಬೇರ್ಪಡಿಸುವ ಸಾಧನವಿಲ್ಲದಿದ್ದರೆ ಎಂಜಿನ್ ತನ್ನದೇ ಆಯಿಲಿನ ತುಂತುರನ್ನು ಹೀರಿ ಅದನ್ನೇ ಇಂಧನವಾಗಿ ಉರಿಸತೊಡಗಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲದೆ ವೇಗವೇರುತ್ತಲೇ ಹೋಗುತ್ತದೆ. ಅಂತಹ ಗಾಡಿಗೆ ಸುರಕ್ಷಿತವಾದ ಮಾರ್ಗವೆಂದರೆ ಕೊಳವೆಯ ತುದಿಯನ್ನು ಒಂದು ಲೋಹದ ಡಬ್ಬಿಗೆ ಇಳಿಸಿ, ಡಬ್ಬಿಯಲ್ಲಿ ತಂತಿಜಾಲರಿ ತುಂಬಿಸಿ, ಅನಿಲ ಹೋಗಲು ಮೇಲೊಂದು ತೆರೆದ ರಂಧ್ರವಿಡುವುದು. ಅನಿಲ ಹೊರಹೋಗುತ್ತದೆ, ಆಯಿಲ್ ಡಬ್ಬಿಯಲ್ಲಿ ನಿಲ್ಲುತ್ತದೆ. ಗಾಳಿಯ ಮಾಲಿನ್ಯ ಇದರಿಂದ ಪೂರ್ತಿ ತಪ್ಪದು, ಆದರೆ ಹಳ್ಳಕ್ಕೆ ಸೇರುವ ಹನಿಯಾದರೂ ತಪ್ಪುತ್ತದೆ. ಡಬ್ಬಿಯನ್ನು ಆಗಾಗ ಬರಿದು ಮಾಡುವುದು ಕಡ್ಡಾಯ.

ವೇಸ್ಟ್ ಆಯಿಲಿನ ಗತಿ

ಬರಿದು ಮಾಡಿದ ಆಯಿಲ್ ಎಲ್ಲಿಗೆ? ಇಲ್ಲಿ ನಮ್ಮ ಹಳೆಯ ಅಭ್ಯಾಸವೊಂದನ್ನು ಪ್ರಶ್ನಿಸಲೇಬೇಕು. ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ವೇಸ್ಟ್ ಆಯಿಲ್ ಬಳಿಯುವುದು ರೂಢಿಯಲ್ಲಿದೆ. ಬಳಸಿದ ಎಂಜಿನ್ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ, ಉರಿಯುವಿಕೆಯಿಂದ ಹುಟ್ಟಿದ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಸೇರಿರುತ್ತವೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಗೂಟಕ್ಕೆ ಬಳಿದ ಆಯಿಲ್ ಆಷಾಢದ ಮಳೆಗೆ ಗೂಟದಲ್ಲಿಯೇ ಉಳಿಯುವುದಿಲ್ಲ. ಬರಿಗೈಯಲ್ಲಿ ದಿನವಿಡೀ ಅದನ್ನು ಮುಟ್ಟುವ ಗ್ಯಾರೇಜಿನ ಹುಡುಗರ ಆರೋಗ್ಯವನ್ನೂ ನಾವು ಮರೆಯುವಂತಿಲ್ಲ.

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2023ರ ತಿದ್ದುಪಡಿಯು ಅದನ್ನು ಹಿಂಪಡೆದು ಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಆಯಿಲ್ ಉತ್ಪಾದಕರ ಮತ್ತು ಆಮದುದಾರರ ಮೇಲೆ ಹೊರಿಸಿದೆ. ನಿಯಮ ಸ್ವಾಗತಾರ್ಹ. ಆದರೆ ಆ ಹೊಣೆ ಪಟ್ಟಣದ ದೊಡ್ಡ ಸರ್ವಿಸ್ ಸೆಂಟರಿನಲ್ಲಿಯೇ ನಿಲ್ಲದೆ, ಘಟ್ಟದ ಮೇಲಿನ ಒಂಟಿ ಗ್ಯಾರೇಜಿನ ಡ್ರಮ್ಮಿನವರೆಗೂ ಬಂದು ಮುಟ್ಟಬೇಕು. ಹೊಸ ಆಯಿಲ್ ಡಬ್ಬಿ ಬೆಟ್ಟ ಹತ್ತಿ ಬರಬಲ್ಲುದಾದರೆ ಹಳೆಯ ಆಯಿಲ್ ಬೆಟ್ಟ ಇಳಿದು ಏಕೆ ಹೋಗಬಾರದು?

ಗುಜರಿಯೋ, ಆರೈಕೆಯೋ?

ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿದರೆ ಸಮಸ್ಯೆ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ವಾಹನ ಗುಜರಿ ನೀತಿಯನ್ನು ಪ್ರಕಟಿಸಿತು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ. ತೀರ ಹದಗೆಟ್ಟ, ಬ್ರೇಕು ನಿಲ್ಲದ, ಹೊಗೆ ತಡೆಯಲಾಗದ ಗಾಡಿ ರಸ್ತೆ ಬಿಡಲೇಬೇಕು, ಇದರಲ್ಲಿ ಎರಡು ಮಾತಿಲ್ಲ. ಪಿ.ಸಿ.ವಿ. ವಾಲ್ವ್ ತೊಳೆದೊಡನೆ 30 ವರ್ಷದ ಜೀಪು ಹೊಸ ಮಾನದಂಡದ ಗಾಡಿಯಾಗಿಬಿಡುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹಳೆಯ ಡೀಸೆಲ್ ಎಂಜಿನ್ನಿನ ಮಸಿ ಅದರ ಹುಟ್ಟುಗುಣ. ಬ್ರೀದರ್ ಸರಿಪಡಿಸಿದರೆ ಅದು ಹೋಗದು.

ಆದರೆ ಬಸ್ಸು ಬಾರದ ಊರಿನ ಜೀಪನ್ನು ಕಸಿದುಕೊಂಡು, ಅದರ ಬದಲಿಗೆ ಏನನ್ನೂ ಕೊಡದ ನೀತಿಯನ್ನು ಪರಿಸರದ ಹೆಸರಿನಲ್ಲಿ ನಾವು ಬೆಂಬಲಿಸಲಾರೆವು. ಹೊಸ ಗಾಡಿಯೊಂದನ್ನು ತಯಾರಿಸಲು ಅಗೆಯುವ ಅದಿರೂ ಯಾವುದೋ ಬೆಟ್ಟದ್ದೇ. ಬಳ್ಳಾರಿ ಸೀಮೆಯ ಗುಡ್ಡಗಳ ಗತಿಯನ್ನು ಕಂಡ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ಬಡತನದ ನೆಪವೊಡ್ಡಿ ಹಳ್ಳಕ್ಕೆ ಆಯಿಲ್ ಬಿಡುವ ಹಕ್ಕನ್ನೂ ಯಾರೂ ಕೇಳಲಾಗದು. ಆ ಹಳ್ಳದ ಕೆಳಗೆ ಇನ್ನೊಬ್ಬ ಬಡವನ ಮನೆಯಿದೆ. ನಮ್ಮ ನಿಲುವು ಸ್ಪಷ್ಟ. ಓಡಲೇಬೇಕಾದ ಹಳೆಯ ಗಾಡಿ ಆರೈಕೆಯಿಂದ ಓಡಲಿ. ಆರೈಕೆಗೆ ಬಗ್ಗದ ಗಾಡಿ ನಿಲ್ಲಲಿ. ಎರಡನ್ನೂ ನಿರ್ಧರಿಸುವ ತಪಾಸಣೆಯು ಗಾಡಿಯ ವಯಸ್ಸನ್ನಷ್ಟೇ ನೋಡದೆ ಅದರ ಆರೋಗ್ಯವನ್ನು ನೋಡಲಿ. ಸೈಲೆನ್ಸರಿಗೆ ನಳಿಕೆ ತೂರಿಸುವವರು ಬಾನೆಟನ್ನೂ ಎತ್ತಲಿ. ಊರಿಗೆ ನಂಬಬಹುದಾದ ಬಸ್ಸು ಬರಲಿ, ಆಗ ಎಷ್ಟೋ ಜೀಪುಗಳು ತಾವಾಗಿಯೇ ವಿಶ್ರಮಿಸುತ್ತವೆ.

ಸರ್ಕಾರ ಮಾಡಲೆಂದು ಕಾಯುತ್ತ ಕೂರುವುದು ನಮ್ಮ ಬಳಗದ ಜಾಯಮಾನವಲ್ಲ. ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟು. ಮಳೆ ಶುರುವಾಗುವ ಮೊದಲು ನಿಮ್ಮೂರಿನ ಗಾಡಿಗಳ ಪಟ್ಟಿ ಮಾಡಿ. ಮಾಲೀಕರ ಒಪ್ಪಿಗೆ ಪಡೆದು, ಬ್ರೀದರ್ ಎಲ್ಲಿಗೆ ತೆರೆದಿದೆ, 1,000 ಕಿಲೋಮೀಟರಿಗೆ ಎಷ್ಟು ಆಯಿಲ್ ಬೇಕಾಗುತ್ತದೆ, ಬದಲಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬ ಮೂರೇ ಪ್ರಶ್ನೆಗಳನ್ನು ಕೇಳಿ ಬರೆದಿಡಿ. ಮಾಲೀಕರನ್ನು ಅಪರಾಧಿಗಳಂತೆ ಕಾಣಬೇಡಿ. ಆಯಿಲ್ ಉಳಿದರೆ ಮೊದಲ ಲಾಭ ಅವರದೇ. ಊರಿನ ಮೆಕ್ಯಾನಿಕರನ್ನು ಗುರುವಾಗಿಟ್ಟುಕೊಳ್ಳಿ, ಪುಸ್ತಕದಲ್ಲಿಲ್ಲದ ಎಷ್ಟೋ ವಿದ್ಯೆ ಅವರ ಕೈಯಲ್ಲಿದೆ. ನೀವು ಬರೆದ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟು, ವೇಸ್ಟ್ ಆಯಿಲ್ ಸಂಗ್ರಹಕ್ಕೆ ಊರಿಗೊಂದು ಮುಚ್ಚಿದ ಡ್ರಮ್ಮನ್ನೂ, ಅದನ್ನು ನೋಂದಾಯಿತ ಸಂಸ್ಕರಣಕಾರರಿಗೆ ಸಾಗಿಸುವ ವ್ಯವಸ್ಥೆಯನ್ನೂ ಕೇಳಿ. ಪಂಚಾಯಿತಿಯ ನಡಾವಳಿಯಲ್ಲಿ ಅದು ದಾಖಲಾಗಲಿ.

ತುಂಗೆ, ಶರಾವತಿ, ಅಘನಾಶಿನಿ, ನೇತ್ರಾವತಿಗಳು ಹುಟ್ಟುವ ನೆಲ ಇದು. ಕೆಳಗಿನ ಊರುಗಳು ಕುಡಿಯುವ ನೀರು ನಮ್ಮ ರಸ್ತೆಯಂಚಿನಿಂದ ಹೊರಡುತ್ತದೆ. ಅಣೆಕಟ್ಟು, ಗಣಿಗಳ ವಿರುದ್ಧ ದನಿಯೆತ್ತುವ ನೈತಿಕ ಬಲ ನಮಗೆ ಉಳಿಯಬೇಕಾದರೆ, ನಮ್ಮದೇ ಗಾಡಿಯ ಹೊಟ್ಟೆಯಡಿಯ ಕೊಳವೆಯನ್ನೊಮ್ಮೆ ಬಗ್ಗಿ ನೋಡುವ ವಿನಯವೂ ನಮಗಿರಬೇಕು. ಆ ಕೆಲಸ ಈ ವಾರವೇ ಆರಂಭವಾಗಲಿ.